ಫಳಫಳ ಹೊಳೆದ ಜೆಟ್ಟು

ನಮ್ಮ ಬೋರ್‌ವೆಲ್ ನೀರಿನ ಮೇಲೆ ನಾನು ಯುದ್ಧ ಸಾರಿ ಹನ್ನೊಂದು ವರ್ಷವಾಯಿತು. ಅಂದರೆ, ಮದುವೆಯಾಗಿ ಈ ಮನೆಗೆ ಬಂದ ಮಾರನೆಯ ದಿನದಿಂದ. ಕುಶಾಲನಗರದಿಂದ ನಾಲ್ಕು ಕಿಲೋಮೀಟರು ಆಚೆಗೆ ನಮ್ಮ ಮನೆ. ಕೂಗಳತೆಯಲ್ಲಿ ಕಾವೇರಿ ತಣ್ಣಗೆ ಹರಿಯುತ್ತಾಳೆ. ನಮ್ಮ ನಲ್ಲಿಯಲ್ಲಿ ಮಾತ್ರ ಕರಗಿದ ಸುಣ್ಣ ಹರಿಯುತ್ತದೆ. ಕೆಟಲ್ಲಿನ ತಳದಲ್ಲಿ ಬಿಳಿ ಚಕ್ಕೆ, ಸ್ಟೀಲ್ ಲೋಟದ ಮೇಲೆ ಬಿಳಿ ಚುಕ್ಕೆ, ಹೀಟರ್ ಕಾಯಿಲ್ ಮೇಲೆ ಬಿಳಿ ಹುತ್ತ. ಮೈಸೂರಿನಿಂದ ಬಂದಿದ್ದ ನನ್ನ ಚಿಕ್ಕಮ್ಮ ಒಮ್ಮೆ ಲೋಟವನ್ನು ಬೆಳಕಿಗೆ ಹಿಡಿದು, "ಹಾಲು ಕುಡಿದ ಲೋಟ ತೊಳ್ದಿಲ್ವೇನೇ ಕಾವ್ಯಶ್ರೀ?" ಎಂದು ಕೇಳಿದ್ದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುರಿದ ಮುಳ್ಳು (ಚಿಕ್ಕಮ್ಮ ಯಾವಾಗಲೋ ಮರೆತಿದ್ದಾರೆ; ಅದು ಇನ್ನೂ ದೊಡ್ಡ ಮುಳ್ಳು).

ಹುಣಸೆಹಣ್ಣು, ನಿಂಬೆಹೋಳು, ವಿನೆಗರ್, ಬೂದಿ, ಎಲ್ಲವನ್ನೂ ಪ್ರಯೋಗಿಸಿ ಸೋತು ಕೂತಿದ್ದಾಗ, ಪೇಟೆಯ ಅಂಗಡಿಯ ಸಾಂತಪ್ಪನವರು ನನ್ನ ಕೈಗೆ ಒಂದು ಪೊಟ್ಟಣವನ್ನಿತ್ತರು. "ವಾಷಿಂಗ್ ಮಷೀನಿಗೆ ಹಾಕೋದಕ್ಕ, ಉಪ್ಪು ಬಿಡಿಸೋ ಪೌಡ್ರು. ಒಂದ್ಸಲ ಹಾಕಿ ನೋಡಿ, ಆಮೇಲೆ ಹೇಳಿ."

ಹಾಕಿದೆ. ಅಬ್ಬಬ್ಬಾ! ಮಷೀನಿನ ಹೊಟ್ಟೆಯೊಳಗೆ ಕನ್ನಡಿ ಹುಟ್ಟಿತು. ಅದರಲ್ಲಿ ನನ್ನ ಮುಖ ನೋಡಿಕೊಂಡೆ. ಮದುವೆಯ ದಿನವೂ ನಾನು ಅಷ್ಟು ಲಕ್ಷಣವಾಗಿ ಕಂಡಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಲೋಹಕ್ಕೂ ನೆಮ್ಮದಿಯಿಲ್ಲ. ಕೆಟಲ್ಲು ಮುಳುಗಿತು, ಶವರಿನ ತಲೆ ಮುಳುಗಿತು, ನಲ್ಲಿಯ ಜಾಲರಿ ಮುಳುಗಿತು. ನಮ್ಮ ಅತ್ತೆ ಕಾಮಾಕ್ಷಮ್ಮನವರು ಪಕ್ಕದ ಮನೆಯವರಿಗೆ, "ಇನ್ನೊಂದಿನ ನನ್ನೂ ಬಕೆಟ್ಟಲ್ಲಿ ನೆನೆ ಹಾಕ್ತಾಳೆ ಕಣಮ್ಮ" ಎಂದು ಹೇಳಿಕೊಂಡು ನಗುತ್ತಿದ್ದರು.

ಇನ್ನು ನಮ್ಮೆಜಮಾನರ ವಿಚಾರ. ಹೆಸರು ಶಿವಪ್ರಕಾಶ್, ಕೆಲಸ ಶುಂಠಿ ಬೇಸಾಯ. ಎರಡು ವರ್ಷದ ಹಿಂದೆ ನನ್ನ ಒತ್ತಾಯಕ್ಕೆ ಮಣಿದು ಸಿಗರೇಟು ಬಿಟ್ಟರು. ಈ ಸುದ್ದಿಯನ್ನು ನಾನು ಹಾಸನ ಜಿಲ್ಲೆಯ ಅಷ್ಟೂ ನೆಂಟರ ಮನೆಗಳಲ್ಲಿ ಸಾರಿ ಬಂದಿದ್ದೇನೆ. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಅಂಥ ಸಾಧು ಗಂಡಸು ಈ ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ದೂರ್ವಾಸ ಮುನಿಯಾದರು. ಕಾಫಿಗೆ ಸಕ್ಕರೆ ಜಾಸ್ತಿ ಅಂತ ಕೂಗಾಟ, ಸಕ್ಕರೆ ಕಮ್ಮಿ ಅಂತ ಕೂಗಾಟ. ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು. ಜೇಬಿನ ತುಂಬ ಏಲಕ್ಕಿ, ಬಾಯಿ ತುಂಬ ಕಡಲೆಕಾಯಿ.

"ಏನಾಯ್ತು ರೀ ನಿಮ್ಗೆ?" ಎಂದು ಕೇಳಿದೆ.

"ಏನಿಲ್ಲ. ಗದ್ದೇಲಿ ಸ್ಪ್ರಿಂಕ್ಲರ್ ಜೆಟ್ಟುಗಳು ಕಟ್ಕೊಂಡಿದಾವೆ. ನೀರು ಸರಿಯಾಗಿ ಹಾರ್ತಿಲ್ಲ" ಎಂದು ಮುಖ ತಿರುಗಿಸಿದರು.

ಕಟ್ಟಿಕೊಂಡಿದೆ! ಆ ಪದ ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು. ನಾನಿರುವಾಗ ನನ್ನ ಗಂಡನ ಜೆಟ್ಟು ಕಟ್ಟಿಕೊಳ್ಳುವುದೆಂದರೇನು?

ಮಾರನೆಯ ಬೆಳಿಗ್ಗೆ ಅವರು ಗದ್ದೆಗೆ ಹೋದ ಮೇಲೆ ಹಿತ್ತಲಿನ ಶೆಡ್ಡಿಗೆ ನುಗ್ಗಿದೆ. ಗುಜರಿಯವನಿಗೆಂದು ಎತ್ತಿಟ್ಟಿದ್ದ ಡಬ್ಬದಲ್ಲಿ, ತುಕ್ಕು ಹಿಡಿದ ಬೋಲ್ಟುಗಳ ನಡುವೆ, ಹೆಬ್ಬೆರಳಷ್ಟು ಉದ್ದದ ಒಂದು ಸ್ಟೀಲಿನ ಕೊಳವೆ ಸಿಕ್ಕಿತು. ಒಂದು ಕಡೆ ತಿರುಪು, ಸುತ್ತಲೂ ಸಣ್ಣ ತೂತು, ಒಳಗೆ ಟಾರಿನಂತಹ ಕಪ್ಪು ಅಂಟು. ಇದೇ ಜೆಟ್ಟು! ಒಂದಿಷ್ಟು ಕೊಳೆ ಕೂತಿತೆಂದು ಬಿಸಾಡುವುದೇ? ಗಂಡಸರ ಬುದ್ಧಿಯೇ ಇಷ್ಟು. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದೆ. ಇವರಿಗೆ ಹೇಳದೆ ತೊಳೆದು, ಕೈಗಿಟ್ಟು, ಮುಖ ಅರಳುವುದನ್ನು ನೋಡಬೇಕು ಎಂಬುದು ನನ್ನ ಸಂಕಲ್ಪ.

ಮೊದಲು ವಿನೆಗರ್ ಸ್ನಾನ. ಲೋಟದಲ್ಲಿ ಮುಳುಗಿಸಿದ ಹತ್ತು ನಿಮಿಷಕ್ಕೆ ವಿನೆಗರ್ ಕಷಾಯದ ಬಣ್ಣಕ್ಕೆ ತಿರುಗಿತು. ಜೊತೆಗೆ ಒಂದು ಪರಿಮಳ!

"ಏನೇ ಕಾವ್ಯಾ ಅದು ಮಾವಿನಹಣ್ಣಿನ ವಾಸ್ನೆ?" ಅತ್ತೆ ನಡುಮನೆಯಿಂದ ಎದ್ದು ಬಂದರು. "ಮರದಲ್ಲಿ ಇನ್ನೂ ಹೂವಿದೆ, ಹಣ್ಣು ಎಲ್ಲಿಂದ ಬಂತೇ?"

"ಇವರ ಜೆಟ್ಟು ಅತ್ತೆ. ಶುಂಠಿಗೆ ಹೊಡೆಯೋ ಯಾವುದೋ ಹೊಸ ಔಷಧಿ ಇರ್ಬೇಕು."

"ಈಗಿನ ಶುಂಠಿಗೆ ಏನ್ ಭಾಗ್ಯವಮ್ಮ!" ಎಂದು ಅತ್ತೆ ಬೆರಗಾಗಿ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು.

ಎರಡನೆಯದು ಬಿಸಿನೀರಿಗೆ ನಿಂಬೆ ಉಪ್ಪು. ಮೂರನೆಯದು, ಬ್ರಹ್ಮಾಸ್ತ್ರ: ಸಾಂತಪ್ಪನವರ ಪೌಡರು. ಬುಸ್ ಎಂದು ನೊರೆ ಎದ್ದಿತು. ಅತ್ತೆ ಚಪ್ಪಾಳೆ ತಟ್ಟಿದರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಒಳಗಿದ್ದ ಕೂದಲೆಳೆಯಂಥ ತಂತಿಯ ಸುರುಳಿ ಮೂಗುತಿಯಂತೆ ಹೊಳೆಯತೊಡಗಿತು. ಆದರೆ ಆ ಸುರುಳಿಯ ಮಧ್ಯೆ ಕರಕಲಾದ ಹತ್ತಿಯ ಚೂರೊಂದು ಸಿಕ್ಕಿಕೊಂಡಿತ್ತು. ಪಿನ್ನಿನಿಂದ ಎಳೆದು ತೆಗೆದೆ. ಈಗ ಮನಸ್ಸಿಗೆ ಕಸಿವಿಸಿ. ಇದ್ದ ಹತ್ತಿಯನ್ನು ತೆಗೆದರೆ ನೀರು ಸೋಸುವುದು ಹೇಗೆ?

"ಅದಕ್ಯಾಕೆ ಅಷ್ಟು ಯೋಚ್ನೆ ಮಾಡ್ತೀಯ?" ಎಂದ ಅತ್ತೆ, ದೇವರ ಕೋಣೆಯಿಂದ ಬತ್ತಿಯ ಹತ್ತಿ ತಂದು, ಎರಡು ಬೆರಳಿನ ನಡುವೆ ಹದವಾಗಿ ಹೊಸೆದು, ಸುರುಳಿಯೊಳಗೆ ತೂರಿಸಿಯೇ ಬಿಟ್ಟರು. ಅರವತ್ತೆಂಟು ವರ್ಷದ ಕೈ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಆಮೇಲೆ ಅದನ್ನು ಮೊರದಲ್ಲಿಟ್ಟು ಬಿಸಿಲಿಗೆ ಒಣಹಾಕಿ, ಕಾಗೆ ಬಾರದಂತೆ ಕೋಲು ಹಿಡಿದು ಕಾವಲು ಕೂತರು.

ಭಾನುವಾರ ಮಧ್ಯಾಹ್ನ ಇವರ ಸ್ನೇಹಿತ ಧರ್ಮೇಶ್ ಊಟಕ್ಕೆ ಬಂದಿದ್ದರು. ಇವರಿಬ್ಬರೂ ಒಟ್ಟಿಗೆ ಶುಂಠಿ ಹಾಕುವವರು, ಒಟ್ಟಿಗೆ ಸಂತೆಗೆ ಹೋಗುವವರು. ಕೋಳಿಸಾರು, ಮುದ್ದೆ ಆಗಿ ಕೈ ತೊಳೆದು ಕೂತ ಮೇಲೆ, ಸಭೆ ತುಂಬಿದೆ ಎನಿಸಿ, ತಟ್ಟೆಯ ಮೇಲೆ ಎಲೆಯಡಿಕೆ ತರುವ ಠೀವಿಯಲ್ಲಿ ಜೆಟ್ಟನ್ನು ತಂದಿಟ್ಟೆ.

"ನೋಡಿ ರೀ! ನಿಮ್ಮ ಜೆಟ್ಟು! ಹೊಸದಕ್ಕಿಂತ ಹೊಸದು ಮಾಡಿದೀನಿ!"

ಮುಖ ಅರಳಲಿಲ್ಲ. ಮುದ್ದೆ ಗಂಟಲಿಗೆ ಸಿಕ್ಕವರಂತೆ ಇವರ ಕಣ್ಣು ಅಗಲವಾದವು, ಅಷ್ಟೆ. ಅರಳಿದ್ದು ಧರ್ಮೇಶರ ಮುಖ.

"ಅತ್ತಿಗೇ! ಇದನ್ನ ನೀವು ಕ್ಲೀನ್ ಮಾಡಿದ್ರಾ?" ಕೈಗೆತ್ತಿಕೊಂಡು, ಕಣ್ಣಿಗೆ ಹಿಡಿದು, ಒಳಗೆ ಇಣುಕಿ, "ಅಯ್ಯೋ, ಕಾಯಿಲ್ ಚಿನ್ನ ಇದ್ದಂಗಿದೆ! ಹತ್ತಿನೂ ಹೊಸದು! ನಂದು ಕರಟಿ ಹೋಗಿ ತಿಂಗಳಾಯ್ತು ಅತ್ತಿಗೆ. ಸ್ಪೇರ್ ಎಲ್ಲೂ ಸಿಗಲ್ಲ, ಮಾರಂಗೇ ಇಲ್ವಲ್ಲ. ಏನೇನ್ ಹಾಕಿದ್ರಿ, ಹೇಳಿ ಹೇಳಿ!"

ಒಬ್ಬರಾದರೂ ಕೇಳಿದರಲ್ಲ! ನಾನು ಮೂರೂ ಸ್ನಾನಗಳನ್ನು ಅಳತೆ ಸಮೇತ, ಬ್ರಷ್ಷಿನ ಸಮೇತ ವಿವರಿಸಿದೆ. ಧರ್ಮೇಶ್ ಫೋನಿನಲ್ಲಿ ಬರೆದುಕೊಂಡರು. ಇವರು ಮೇಜಿನ ಕೆಳಗೆ ಅವರ ಕಾಲು ತುಳಿಯುತ್ತಿದ್ದದ್ದು ನನಗೂ ಕಂಡಿತು, ಆದರೆ ಧರ್ಮೇಶರಿಗೆ ಆ ಕ್ಷಣದಲ್ಲಿ ಕಾಲೇ ಇರಲಿಲ್ಲ. ಜೇಬಿನಿಂದ ಪೆನ್ನಿನಂಥದ್ದೊಂದು ತೆಗೆದು, ನಮ್ಮ ಜೆಟ್ಟನ್ನು ಅದರ ತುದಿಗೆ ತಿರುಗಿಸಿ, ಪುಟ್ಟ ಬಾಟಲಿಯಿಂದ ನಾಲ್ಕು ಹನಿ ಬಿಟ್ಟರು.

"ಸುಮ್ನಿರೋ ಧರ್ಮಾ!" ಎಂದರು ಇವರು.

"ನೋಡ್ಲಿ ಬಿಡೋ, ನೀರು ಹೆಂಗೆ ಹಾರುತ್ತೆ ಅಂತ ನಾನೂ ನೋಡ್ಬೇಕು. ಹತ್ತಿ ಹೊಸೆದಿದ್ದು ನಾನು" ಎಂದು ಅತ್ತೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

ಧರ್ಮೇಶ್ ಮೈಮರೆತು ಅದನ್ನು ಬಾಯಿಗಿಟ್ಟು ಒಮ್ಮೆ ಎಳೆದರು. ಬುಸ್ಸೆಂದು ಗುಲಾಬಿ ವಾಸನೆಯ ಬಿಳಿ ಮೋಡ ಅತ್ತೆಯನ್ನೂ ಗೋಡೆಯ ಕ್ಯಾಲೆಂಡರನ್ನೂ ನುಂಗಿತು. ಮೋಡದೊಳಗಿಂದ ಅತ್ತೆಯ ದನಿ ಬಂತು: "ನೀರು ಬರುತ್ತೆ ಅಂದ್ರೆ ಹೊಗೆ ಬಂತಲ್ಲೇ ಕಾವ್ಯಾ!"

ಹೊಗೆ ಕರಗಿದಾಗ ನಾನು ಇವರನ್ನೇ ನೋಡುತ್ತಿದ್ದೆ. ಧರ್ಮೇಶ್ ಆ ಯಂತ್ರವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಹುಡುಕಲು ಎದ್ದು ಹೊರಗೆ ಹೋದರು. ಬೈಕಿನ ಸದ್ದೂ ಕೇಳಿಸಿತು.

"ಎಷ್ಟು ದಿನದಿಂದ ಈ ಇ-ಸಿಗರೇಟು?" ಎಂದೆ.

"ಸಿಗರೇಟು ಬಿಟ್ಟ ಮಾರನೇ ದಿನದಿಂದ" ಎಂದರು ಇವರು, ತಟ್ಟೆ ನೋಡುತ್ತ.

ಎರಡು ವರ್ಷ! ಹಾಸನ ಜಿಲ್ಲೆಯ ಅಷ್ಟೂ ನೆಂಟರ ಮುಖಗಳು ಸಾಲಾಗಿ ನನ್ನ ಕಣ್ಣ ಮುಂದೆ ನಿಂತವು. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ತಲೆಯೆತ್ತಿದರು.

"ಕಾವ್ಯ, ಅದು ಕಟ್ಕೊಂಡು ಸುಟ್ಟ ವಾಸ್ನೆ ಬರೋಕೆ ಶುರುವಾಯ್ತು. ಬಿಡೋಕೆ ಇದೇ ಸಮಯ ಅಂತ ಗುಜರಿಗೆ ಹಾಕ್ಬಿಟ್ಟೆ. ಇವತ್ತಿಗೆ ಹದಿನಾರು ದಿನ. ಕಡಲೆಕಾಯಿ ತಿಂದು ತಿಂದು ದವಡೆ ನೋವು ಬಂದಿದೆ, ಗೊತ್ತಾ? ಪೂರ್ತಿ ಸತ್ತು ಬಿದ್ದಿತ್ತು ಅದು. ನೀನು ಜೀವ ಕೊಟ್ಟು ತಂದು ತಟ್ಟೇಲಿಟ್ಟಿದೀಯ."

ಕೋಪ ಅರ್ಧದಲ್ಲೇ ನಿಂತಿತು. ಇವರು ಮೇಜಿನ ಮೇಲಿದ್ದ ಯಂತ್ರವನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ತಗೊಂಡ್ಹೋಗು ಕಾವ್ಯ, ಬೇಗ" ಎಂದರು. ಅದು ಸುಳ್ಳಿನ ದನಿಯಾಗಿರಲಿಲ್ಲ.

ಜೆಟ್ಟನ್ನು ಬಿಚ್ಚಿ ಹಿತ್ತಲಿಗೆ ಒಯ್ದು, ಒರಳಿನ ಪಕ್ಕದ ಗುಂಡುಕಲ್ಲಿನಿಂದ ಚಪ್ಪಟೆಯಾಗುವ ತನಕ ಜಜ್ಜಿದೆ. ಅಷ್ಟು ಹೊಳೆಯುವ ವಸ್ತುವನ್ನು ಜಜ್ಜುವಾಗ ಕೈ ಎರಡು ಸಲ ಹಿಂಜರಿಯಿತು, ಸುಳ್ಳೇಕೆ ಹೇಳಲಿ. "ನನ್ನ ಹತ್ತಿ!" ಎಂದು ಅತ್ತೆ ಬಾಗಿಲಲ್ಲಿ ನಿಂತು ಗೋಳಾಡಿದರು. ಒಳಗೆ ಬಂದು ಇವರ ಮುಂದೆ ಒಂದು ಸೇರು ಹುರಿದ ಕಡಲೆಕಾಯಿ ಸುರಿದೆ. ಇವರು ನಕ್ಕರು. ಎರಡು ವರ್ಷದ ಸುಳ್ಳಿಗೆ ಬೈಗುಳ ಬಾಕಿ ಇದೆ. ನೂರು ದಿನ ತುಂಬಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದುಕೊಂಡು ಹಾಯಾಗಿದ್ದೆ.

ಬುಧವಾರ ಬೆಳಿಗ್ಗೆ ಫೋನು ಬಂತು. ಧರ್ಮೇಶರ ಹೆಂಡತಿ ತೇಜಸ್ವಿನಿ. ದನಿಯಲ್ಲಿ ಬೆಂಕಿ.

"ಕಾವ್ಯಕ್ಕಾ, ನಿಮ್ಗೆ ನಾನೇನ್ ಅನ್ಯಾಯ ಮಾಡಿದ್ದೆ? ಹಾಳಾದ್ದು ಕೆಟ್ಟು ತಿಂಗಳಾಗಿತ್ತು, ಬಿಟ್ಟೇ ಬಿಟ್ರು ಅಂತ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ದೆ. ಈಗ ಅಡುಗೆಮನೇಲಿ ವಿನೆಗರ್ ಬಾಟ್ಲಿ ಹಿಡ್ಕೊಂಡು ಕೂತಿದಾರೆ! ಫೋನಲ್ಲಿ ಬರ್ಕೊಂಡಿದಾರೆ, ಮೇಲ್ಗಡೆ ನಿಮ್ಮದೇ ಹೆಸ್ರು! ಅದನ್ನೇ ಎಳೆಯೋ ಮೊಣ್ಣಪ್ಪಣ್ಣಂಗೂ ಕಳ್ಸಿದಾರೆ, ಮಾಯಿಲಪ್ಪಣ್ಣಂಗೂ ಕಳ್ಸಿದಾರೆ. ಅವ್ರ ಹೆಂಡ್ತೀರೂ ನಿಮ್ಗೆ ಫೋನ್ ಮಾಡ್ತಾರಂತೆ, ರೆಡಿಯಾಗಿರಿ! ಇಲ್ಲಿ ಇವ್ರು ಪೌಡ್ರಲ್ಲಿ ರಾತ್ರಿಯಿಂದ ನೆನೆಸಿಟ್ಟು, ಇನ್ನೂ ಎಷ್ಟೊತ್ತು ನೆನೆಸ್ಬೇಕು ಅಂತ ನನ್ನ ತಲೆ ತಿಂತಿದಾರೆ!"

"ರಾತ್ರಿಯಿಂದಾನಾ?" ಎಂದು ನಾನು ಕಿರುಚಿದೆ. "ಅಯ್ಯೋ, ತಂತಿ ತಿಂದುಹೋಗುತ್ತೆ ಕಣೇ! ಅರ್ಧ ಗಂಟೆ ಸಾಕು ಅನ್ನು. ಆಮೇಲೆ ಬಿಸಿನೀರಲ್ಲಿ ಎರಡು ಸಲ..."

ಅತ್ತ ಫೋನು ಕುಕ್ಕಿದ ಸದ್ದಾಯಿತು.