ಹೆಂಡತಿಯ ಹಲ್ಲು ಬೆಳಗಿಸಿದ ಡಾಕ್ಟರು

ಇನ್ನು ಮೇಲೆ ಈ ಊರಿನಲ್ಲಿ ಯಾರೂ ತುಟಿ ಮುಚ್ಚಿಕೊಂಡು ನಗಬಾರದು ಎಂದು ಹಲ್ಲಿನ ಡಾಕ್ಟರು ಸೋಮವಾರ ಬೆಳಿಗ್ಗೆ ಶಪಥ ಮಾಡಿಬಿಟ್ಟರು!

ಹಲ್ಲು ಬಿಳುಪು ಮಾಡುವ ಯಂತ್ರ ಅವತ್ತೇ ಬಂದಿಳಿದಿತ್ತು. ಕೊಕ್ಕರೆಯಂತೆ ಕತ್ತು ಬಗ್ಗಿಸಿ ನಿಂತ ಅದರ ನೀಲಿ ದೀಪವನ್ನು ಹತ್ತು ಸಲ ಹೊತ್ತಿಸಿ, ಹತ್ತು ಸಲ ಆರಿಸಿ, ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು. ಕ್ಲಿನಿಕ್ಕಿನ ಬಾಗಿಲಿಗೆ ‘ಹಲ್ಲು ಬಿಳುಪು: ಸುರಕ್ಷಿತ, ಖಚಿತ’ ಎಂದು ಬೋರ್ಡು ಏರಿತು. ಅವರದು ಬರೀ ಬಾಯಿಮಾತಿನ ಜಂಬವಲ್ಲ. ಜಂಬದಷ್ಟೇ ಶಿಸ್ತೂ ಇತ್ತು. ಬಿಳುಪಿಗೆ ಬಂದವರು ಯಾರೇ ಆಗಲಿ, ಮೊದಲು ಹನ್ನೆರಡು ಪ್ರಶ್ನೆಗಳ ಕಾಗದ ತುಂಬಬೇಕು. ಹಲ್ಲು ಜುಮ್ಮೆನ್ನುತ್ತದೆಯೇ, ವಸಡಿನಲ್ಲಿ ರಕ್ತ ಬರುತ್ತದೆಯೇ, ಹುಳುಕು ಇದೆಯೇ, ಹೀಗೆ ಒಂದೂ ಬಿಡದೆ. ಕುರ್ಚಿ ಏರುವುದು ಆಮೇಲಿನ ಮಾತು.

ಮೊದಲ ಗಿರಾಕಿ ಮನೆಯಲ್ಲೇ ಇದ್ದರು. ಡಾಕ್ಟರ ಹೆಂಡತಿ ಶಾಲೆಯ ಹೆಡ್‌ಮಿಸ್. ಆ ಶನಿವಾರ ಅವರಿಗೆ ನಿವೃತ್ತಿ. ಬೀಳ್ಕೊಡುಗೆಯ ಗುಂಪು ಫೋಟೋ ಶಾಲೆಯ ಹಜಾರದ ಗೋಡೆ ಏರಿದರೆ, ಕಟ್ಟಡ ನಿಂತಿರುವಷ್ಟು ಕಾಲ ಅಲ್ಲೇ ಇರುತ್ತದೆ. ಮೂವತ್ತು ವರ್ಷ, ಮೂವತ್ತು ಫೋಟೋ, ಒಂದರಲ್ಲೂ ಆಕೆ ತುಟಿ ಬಿಚ್ಚಿರಲಿಲ್ಲ. ಮಕ್ಕಳು ಅದನ್ನು ಸಿಟ್ಟು ಎಂದುಕೊಂಡಿದ್ದರು. ಅದು ಸಿಟ್ಟಲ್ಲ, ಕಾಫಿ! ದಿನಕ್ಕೆ ಆರು ಲೋಟದಂತೆ ಇಳಿದು ಇಳಿದು, ಹಲ್ಲೆಲ್ಲ ಹಳೆಯ ಹಾಜರಿ ಪುಸ್ತಕದ ಹಾಳೆಯ ಬಣ್ಣಕ್ಕೆ ತಿರುಗಿದ್ದವು. ಈ ಕೊನೆಯ ಫೋಟೋದಲ್ಲಾದರೂ ಬಾಯ್ತುಂಬ ನಗಬೇಕು ಎಂಬುದೊಂದೇ ಅವರ ಆಸೆ.

ಬಿಳುಪು ಹೊಚ್ಚ ಹೊಸದಾಗಿರುವಾಗಲೇ ಫೋಟೋ ತೆಗೆಸಬೇಕೆಂದು ಡಾಕ್ಟರು ಶುಕ್ರವಾರ ಮಧ್ಯಾಹ್ನವನ್ನೇ ಗೊತ್ತುಮಾಡಿದರು. ಹೆಡ್‌ಮಿಸ್ ಬಂದವರೇ, ಶಿಸ್ತಿನ ಜೀವವಲ್ಲವೇ, ಪ್ರಶ್ನೆಗಳ ಕಾಗದಕ್ಕೆ ಕೈಚಾಚಿದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

“ನಿಂಗ್ಯಾಕೆ ಅದೆಲ್ಲ? ಮೂವತ್ತೊಂದು ವರ್ಷದಿಂದ ಈ ಬಾಯಿ ನೋಡ್ತಾ ಇದೀನಿ, ಕೇಳ್ತಾನೂ ಇದೀನಿ. ಕೂತ್ಕೋ.”

ಕೂತರು. ಕಣ್ಣಿಗೆ ಕಪ್ಪು ಕನ್ನಡಕ, ತುಟಿಗಳನ್ನು ಆಚೆಗೊಂದು ಈಚೆಗೊಂದು ಎಳೆದು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆ, ವಸಡಿಗೆ ಔಷಧಿ ತಾಗದಂತೆ ಅಂಚುಗಟ್ಟಿದ ನೀಲಿ ಲೇಪ, ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಡಾಕ್ಟರು ಹಲ್ಲಿನ ಸಾಲಿಗೆಲ್ಲ ಒಂದೇ ಸಮ ಬಿಳುಪಿನ ಜೆಲ್ ಬಳಿಯುತ್ತ ಬಂದರು. ನಟ್ಟನಡುವಿನ ಹಲ್ಲಿನ ಹತ್ತಿರ ಬಂದಾಗ ಹೆಡ್‌ಮಿಸ್ ಬೆರಳೆತ್ತಿ ‘ಆಂ, ಆಂ’ ಎಂದರು. ಜುಮ್ಮೆನ್ನುತ್ತಿರಬೇಕು, ತಡೆದುಕೋ ಎಂದರು ಡಾಕ್ಟರು. ಆಕೆ ಮತ್ತೆ ಆ ಹಲ್ಲನ್ನೇ ತೋರಿಸಿ ‘ಆಂ’ ಎಂದು ರಾಗ ಎಳೆದರು. ಮದುವೆಯಾದಂದಿನಿಂದ ಡಾಕ್ಟರಿಗೆ ತಾವೊಬ್ಬರೇ ಮಾತಾಡುವ ಭಾಗ್ಯ ಸಿಕ್ಕಿದ್ದು ಅದೇ ಮೊದಲು, ಬಿಡುತ್ತಾರೆಯೇ? ಕಾಲುಗಂಟೆಯಂತೆ ಮೂರು ಸರದಿ, ದೀಪವೂ ಉರಿಯಿತು, ಉಪನ್ಯಾಸವೂ ಉರಿಯಿತು.

ಕೊನೆಗೆ ಬಾಯಿ ತೊಳೆಸಿ, ಕೈಗೆ ಕನ್ನಡಿ ಕೊಟ್ಟು, ಡಾಕ್ಟರು ಪರದೆ ಸರಿಸುವ ನಾಟಕದವರಂತೆ ಪಕ್ಕಕ್ಕೆ ಸರಿದರು.

ಹಲ್ಲುಗಳು ಮಲ್ಲಿಗೆ ಮೊಗ್ಗುಗಳಾಗಿದ್ದವು. ಒಂದನ್ನು ಬಿಟ್ಟು. ನಟ್ಟನಡುವಿನ ಆ ಒಂದು ಹಲ್ಲು, ಸುಣ್ಣ ಹೊಡೆದ ಗೋಡೆಯಲ್ಲಿ ಬಡಗಿ ಮರೆತುಹೋದ ಹಲಗೆಯಂತೆ, ಹಳದಿಗೆ ಹಳದಿಯಾಗಿ ಕೂತಿತ್ತು.

“ಇದೇನ್ರೀ ಇದು?”

ಡಾಕ್ಟರು ಬಗ್ಗಿ ನೋಡಿದರು. ಉಗುರಿನಿಂದ ತಟ್ಟಿ ನೋಡಿದರು. ಹತ್ತೊಂಬತ್ತು ವರ್ಷದ ಹಿಂದೆ ಹೆಂಡತಿ ಮೆಟ್ಟಿಲ ಮೇಲೆ ಮುಗ್ಗರಿಸಿ ಹಲ್ಲು ಮುರಿದುಕೊಂಡಾಗ ತಾವೇ ಕೂರಿಸಿದ ಪಿಂಗಾಣಿಯ ಕ್ಯಾಪು ಅದು! ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹೊಂದಿಸಿ, ದೇವರೇ ಬಂದರೂ ಇದನ್ನು ಗುರುತು ಹಿಡಿಯಲಾರ ಎಂದು ಎದೆ ತಟ್ಟಿಕೊಂಡಿದ್ದರು. ಈಗ ಅವರೇ ಗುರುತು ಹಿಡಿದಿರಲಿಲ್ಲ. ಒಂದು ಗಳಿಗೆ ಒಳಗೊಳಗೇ ಹೆಮ್ಮೆಯಾದದ್ದೂ ಸುಳ್ಳಲ್ಲ. ಪಿಂಗಾಣಿಗೆ ಯಾವ ಔಷಧಿಯೂ ನಾಟದು. ಅದಕ್ಕೆಂದೇ ಕ್ಯಾಪು ಇದೆಯೇ ಎಂಬ ಪ್ರಶ್ನೆ ಕಾಗದದಲ್ಲಿ ಒಂಬತ್ತನೆಯದಾಗಿ ಕೂತಿತ್ತು.

“ಮೊದ್ಲೇ ಹೇಳಬಾರದಾಗಿತ್ತಾ?” ಎಂದರು ಡಾಕ್ಟರು, ಇದ್ದಬದ್ದ ಧೈರ್ಯ ಕೂಡಿಸಿಕೊಂಡು.

“ಹಾಕಿದವರಿಗೆ ನೆನಪಿರಲ್ವಾ ಅಂತ ಸುಮ್ನಿದ್ದೆ. ಆಮೇಲೆ ಹೇಳೋಣ ಅಂದ್ರೆ ಬಾಯಿಗೆ ಕೊಕ್ಕೆ ಹಾಕಿದ್ರಿ.”

ಹೊಸ ಕ್ಯಾಪು ಮಾಡಬೇಕೆಂದರೆ ಬಿಳುಪು ಒಂದು ಹದಕ್ಕೆ ಬಂದು ನಿಲ್ಲಲು ಎರಡು ವಾರ ಬೇಕು. ಫೋಟೋಕ್ಕೆ ಉಳಿದಿದ್ದುದು ಹದಿನೆಂಟು ಗಂಟೆ. ಡಾಕ್ಟರ ಬುದ್ಧಿ ಹಿಂದುಮುಂದಾಗಿ ಓಡಿತು. ಒಂದನ್ನು ಬಿಳುಪು ಮಾಡಲಾಗದಿದ್ದರೆ ಉಳಿದವನ್ನು ಮತ್ತೆ ಹಳದಿ ಮಾಡಿದರಾಯಿತು! ಬಿಳುಪಾದ ಹಲ್ಲು ಎರಡು ದಿನ ಸಿಕ್ಕ ಬಣ್ಣವನ್ನೆಲ್ಲ ಹೀರುತ್ತದೆ. ಕಾಫಿ, ಟೀ ಮುಟ್ಟಬೇಡಿ ಎಂದು ರೋಗಿಗಳಿಗಾಗಿ ತಾವೇ ಅಚ್ಚು ಹಾಕಿಸಿದ್ದ ಚೀಟಿಯನ್ನು ತಲೆಕೆಳಗು ಮಾಡಿ, ಸಂಜೆಯೆಲ್ಲ ಹೆಂಡತಿಯ ಹಿಂದೆ ಅಲೆದರು. ಹಾಲಿಲ್ಲದ ಕಾಫಿ ಹಿಡಿದು ಅಡುಗೆಮನೆಗೆ, ಬೀಟ್‌ರೂಟ್ ಹೋಳು ಹಿಡಿದು ಹಜಾರಕ್ಕೆ, ಕಡುಗಪ್ಪು ಟೀ ಹಿಡಿದು ಹಿತ್ತಿಲಿಗೆ. ಬಾಯಿ ಮುಕ್ಕಳಿಸಿದರೂ ಸಾಕು ಎಂದು ಗೋಗರೆದರು. ನಿಮ್ಮ ಚಿಕಿತ್ಸೆ ಇವತ್ತಿಗೆ ಸಾಕು ಎಂದು ಹೆಡ್‌ಮಿಸ್ ಕೋಣೆಯ ಬಾಗಿಲು ಹಾಕಿಕೊಂಡರು. ಕಾಫಿ ಡಾಕ್ಟರ ಹೊಟ್ಟೆ ಸೇರಿತು.

ಮರುದಿನ ಶಾಲೆಯ ಅಂಗಳದಲ್ಲಿ ಮೂರು ಸಾಲು ಬೆಂಚು. ನಡುವೆ ಹೆಡ್‌ಮಿಸ್, ಮಗ್ಗುಲಿಗೆ ಮರ್ಯಾದೆಯ ಕುರ್ಚಿಯಲ್ಲಿ ಡಾಕ್ಟರು. ಫೋಟೋದವನು ನಗಿ ಮೇಡಂ, ನಗಿ ಮೇಡಂ ಎಂದು ಮೂರು ಸಲ ಬೇಡಿಕೊಂಡ. ಆಕೆ ತುಟಿ ಬಿಚ್ಚಲಿಲ್ಲ. ಮೂವತ್ತೊಂದನೆಯ ಫೋಟೋವೂ ಹಾಗೇ ಆಗುವುದೆಂದು ಡಾಕ್ಟರ ಕರುಳು ಚುರುಕ್ಕೆಂದಿತು. ಸಮಾಧಾನ ಹೇಳಲು ಬಗ್ಗಿ, ಅವರಿಗೆ ತಿಳಿದ ಒಂದೇ ಸಮಾಧಾನವನ್ನು ಹೆಂಡತಿಯ ಕಿವಿಯಲ್ಲಿ ಉಸುರಿದರು.

“ಒಂದ್ ಮಾತು ಹೇಳ್ಲಾ? ಹತ್ತೊಂಬತ್ತು ವರ್ಷ ಆದ್ರೂ ಕ್ಯಾಪು ಒಂಚೂರೂ ಬಣ್ಣ ಬಿಟ್ಟಿಲ್ಲ ನೋಡು.”

ಹೆಡ್‌ಮಿಸ್‌ಗೆ ಎಲ್ಲಿಂದ ಬಂತೋ ನಗು, ತಲೆ ಹಿಂದಕ್ಕೆಸೆದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಫೋಟೋದವನು ಕ್ಲಿಕ್ಕಿಸಿಯೇ ಬಿಟ್ಟ.

ಆಮೇಲೆ ಅವನು ಕ್ಯಾಮೆರಾದ ಪರದೆಯಲ್ಲಿ ಚಿತ್ರ ತೋರಿಸಿದ. ಮೂವತ್ತು ವರ್ಷದ ನಗು ಒಟ್ಟಿಗೇ ಅಲ್ಲಿತ್ತು. ನಡುವೆ ಆ ಹಳದಿ ಹಲ್ಲೂ ಇತ್ತು. ಕಂಪ್ಯೂಟರಿನಲ್ಲಿ ಆ ಒಂದು ಹಲ್ಲನ್ನು ಬೆಳ್ಳಗೆ ಮಾಡಿಬಿಡುತ್ತೇನೆ, ಎರಡು ನಿಮಿಷದ ಕೆಲಸ ಎಂದ. ಕೊಕ್ಕರೆಯಂಥ ಯಂತ್ರದ ಒಡೆಯರಾದ ಡಾಕ್ಟರು, ಮಾಡಪ್ಪ, ಈಗಲೇ ಮಾಡಿಬಿಡು ಎಂದು ಅವನ ಕೈಯನ್ನೇ ಹಿಡಿದುಕೊಂಡರು.

ಹೆಡ್‌ಮಿಸ್ ಚಿತ್ರವನ್ನು ಇನ್ನೊಮ್ಮೆ ಕಣ್ತುಂಬ ನೋಡಿದರು.

“ಬೇಡಪ್ಪ, ಹಲ್ಲು ಹಾಗೇ ಇರ್ಲಿ. ಏನಾದ್ರೂ ಅಳಿಸ್ಲೇಬೇಕು ಅಂದ್ರೆ, ಪಕ್ಕದಲ್ಲಿ ಕೂತಿದಾರಲ್ಲ, ಅವರನ್ನ ಅಳಿಸು.”