ಟೇಲರ್ ಮನೆತನ

ಟೇಲರ್ ಎಂಬುದು ನನಗೆ ಕಸುಬೂ ಹೌದು, ಅಡ್ಡಹೆಸರೂ ಹೌದು. ಅದರಿಂದ ಏನಾದರೊಂದು ಫಜೀತಿ ನಡೆದೇ ಇರುತ್ತದೆ. ಗಂಡ ತೀರಿಕೊಂಡ ವರ್ಷ ಚಿಕ್ಕೋಡಿಯಲ್ಲಿ ಹೊಲಿಗೆ ಅಂಗಡಿ ಇಡುತ್ತೇನೆ ಎಂದಾಗ ಏಕಸಂಬಿಯ ನನ್ನ ಭಾವ, "ಓದಾಕ ಬರದಾಕಿ ಅಂಗಡಿ ಏನ್ ನಡಸ್ತಿ? ಮೂರ ತಿಂಗಳಿಗೆ ಮಷಿನ್ ಹೊತಗೊಂಡ ಬರ್ತಿ" ಅಂದಿದ್ದರು. ಅಳತೆಯ ನಮೂನೆ ಕತ್ತರಿಸಲು ತರುತ್ತಿದ್ದ ಹಳೆಯ ಪೇಪರಿನಲ್ಲೇ ನಾನು ಅಕ್ಷರ ಕಲಿತೆ. ಎಷ್ಟೋ ಸುದ್ದಿಗಳು ಅರ್ಧ ಓದುವಷ್ಟರಲ್ಲಿ ಅಂಗಿಯ ತೋಳಾಗಿ ಹೋಗುತ್ತಿದ್ದವು.

ಟೇಲರ್ ಬರುವತನಕ

ಮೊದಲ ವಾರ ಗಿರಾಕಿಯೇ ಇಲ್ಲ. ಭಾವನ ಮಾತೇ ನಿಜವಾಗುತ್ತದೇನೋ ಎಂದುಕೊಂಡೆ. ಆಗ ರಾಯಬಾಗ ಕಡೆಯ ಮುದುಕರೊಬ್ಬರು ಕಾಲರ್ ಸವೆದ ಅಂಗಿ ತಂದು, ಟೇಲರ್ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಇರಲಿ, ಬರುವತನಕ ಕೂಡುತ್ತೇನೆ ಎಂದು ಬೆಂಚಿನ ಮೇಲೆ ಕೂತರು. ಅವರೆದುರಿಗೇ ಕಾಲರ್ ಬಿಚ್ಚಿ, ತಿರುವಿ, ಹೊಲಿದು ಕೊಟ್ಟೆ. ತೊಟ್ಟುಕೊಂಡು ಕನ್ನಡಿ ನೋಡಿ, "ಚಲೋ ಆತು. ಟೇಲರ್ ಬಂದ್ರ ಹೇಳವಾ, ನಿನಗ ಚಂದ ಕಲಿಸ್ಯಾರ" ಎಂದು ಹೋದರು.

ಶಾಲೆಯ ರಿಜಿಸ್ಟರ್

ಮಗಳನ್ನು ಶಾಲೆಗೆ ಸೇರಿಸುವಾಗ ಗಂಡನ ಅಡ್ಡಹೆಸರು ಹೇಳಲು ಬಾಯಿ ತೆರೆದೆ. ಊರಿಗೇ ಗೊತ್ತಿರುವುದನ್ನು ಹೇಳುವುದೇನು ಎಂದು ಮಾಸ್ತರರು "ಟೇಲರ್" ಎಂದು ಬರೆದೇಬಿಟ್ಟರು. ನಮ್ಮ ಕಡೆ ಹಾಗೇ. ಜನ ಏನು ಕರೆಯುತ್ತಾರೋ ಅದೇ ಕಾಗದಕ್ಕೂ ಇಳಿಯುತ್ತದೆ. ನನ್ನ ಲೈಟ್ ಬಿಲ್ಲಿಗೂ ಅದೇ ಇಳಿಯಿತು.

ಸುದ್ದಿ ಏಕಸಂಬಿಗೆ ಮುಟ್ಟಿತು. ಭಾವ ಬಂದು, "ಕಬ್ಬಿನ ಮನಿತನ ನಮ್ದು. ನಮ್ಮಾಗ ಯಾರರೆ ಕತ್ತರಿ ಹಿಡದಾರೇನು?" ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಬಾಗಿಲತನಕ ಹೋದವರು ತಿರುಗಿ ಬಂದು, ಚೀಲದಿಂದ ಒಂದು ಪಾಯಜಾಮ ತೆಗೆದು, ಸೊಂಟ ಸ್ವಲ್ಪ ಸಡಿಲ ಮಾಡಿ ಇಡು ಎಂದರು.

ಇಬ್ಬರೂ ಒಬ್ಬಾಕಿನ

ನನ್ನ ಬಾಡಿಗೆ ಅಂಗಡಿಯನ್ನು ಮಾಲೀಕರು ಮಾರಲು ನಿಂತರು. ನನ್ನ ಖರೀದಿ ಅಂದೇ ಆಗದಿದ್ದರೆ ನಿಪ್ಪಾಣಿಯ ತಂಬಾಕು ವ್ಯಾಪಾರಿಗೆ ಕೊಡುವವರು. ನೋಂದಣಿ ಕಚೇರಿಯಲ್ಲಿ ನೋಡಿದರೆ ರೇಷನ್ ಕಾರ್ಡಿನಲ್ಲಿ ಗಂಡನ ಅಡ್ಡಹೆಸರು, ಲೈಟ್ ಬಿಲ್ಲಿನಲ್ಲಿ ಟೇಲರ್. ಇಬ್ಬರೂ ಒಬ್ಬಳೇ ಎಂದು ಗಂಡನ ಮನೆಯವರು ಬಂದು ಹೇಳಬೇಕು ಎಂದರು ಸಾಹೇಬರು. ಹಾಗೆ ಹೇಳಲು ಉಳಿದವರು ಭಾವ ಒಬ್ಬರೇ.

ಬಸ್ಸು ಹಿಡಿದು ಏಕಸಂಬಿಗೆ ಓಡಿದೆ. ಅವರು ಚಹಾ ಕುಡಿದು, ತಲೆಗೆ ಪಟಗಾ ಸುತ್ತಿ ಹೊರಡುವುದರೊಳಗೆ ನನ್ನ ಅರ್ಧ ಜೀವ ಹೋಗಿತ್ತು.

"ಈಕಿ ಯಾರ್ರಿ?" ಎಂದರು ಸಾಹೇಬರು.

ಭಾವ ನನ್ನ ಮುಖ ನೋಡಿದರು.

"ಟೇಲರ್ ಬಾಯಿರಿ. ನನ್ನ ತಮ್ಮನ ಹೆಂಡ್ತಿ. ಇಬ್ಬರೂ ಒಬ್ಬಾಕಿನ."

ಗುಮಾಸ್ತ ಬರೆದುಕೊಂಡ. ಭಾವ ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು. ಕಾಗದ ನನ್ನ ಕಡೆ ಸರಿಸಿ, "ಏನ ಬರದಾನ, ಓದಿ ಹೇಳ" ಎಂದರು.

ಓದಿದೆ. ಗುಮಾಸ್ತ ಕೇಳದೆಯೇ ಸಾಕ್ಷಿ ಹೇಳಿದ ಭಾವನ ಅಡ್ಡಹೆಸರನ್ನೂ "ಟೇಲರ್" ಎಂದು ಬರೆದಿದ್ದ. ಕಚೇರಿ ಮುಚ್ಚಲು ಹತ್ತು ನಿಮಿಷ ಉಳಿದಿತ್ತು.

"ಎಲ್ಲಾ ಬರೋಬ್ಬರಿ ಐತ್ರಿ" ಎಂದೆ. ಭಾವ ಸಹಿ ಹಾಕಿದರು.

ಈಗ ಆ ಅಂಗಡಿ ನನ್ನದು. ಒಳಗೆ ನಾಲ್ಕು ಮಷಿನ್, ಒಂದು ಕಪಾಟು ತುಂಬ ಪುಸ್ತಕ. ಅದಕ್ಕೆ ನಾನು ಕೊಟ್ಟದ್ದು ಹದಿನೈದು ವರ್ಷ, ತವರಿನ ಬಂಗಾರ, ಬಲಗಣ್ಣಿನ ಅರ್ಧ ಬೆಳಕು, ಮತ್ತೆ ಆ ಒಂದು ಸುಳ್ಳು.