ನೀಲಿ ಪಟ್ಟಿಯ ದೋಣಿ

ಹೊಲಿಯಲು ಕೂತರೆ ಸಾಕು, ಆ ದರ್ಜಿಗೆ ಕನಸು ಬೀಳುತ್ತಿತ್ತು. ನಿದ್ದೆಯಲ್ಲ, ಕಣ್ಣು ತೆರೆದೇ ಇರುತ್ತಿತ್ತು, ಕಾಲು ಪೆಡಲ್ ತುಳಿಯುತ್ತಲೇ ಇರುತ್ತಿತ್ತು, ಮನಸ್ಸು ಮಾತ್ರ ಎದ್ದು ಹೊರಟುಬಿಡುತ್ತಿತ್ತು. ಬೀದಿಯವರು ಅವನನ್ನು ತೂಕಡಿಕೆ ಟೈಲರ್ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಹಿಂದಿನ ದಿನ ಅವನ ಅಕ್ಕ ಖಡಾಖಂಡಿತವಾಗಿ ಹೇಳಿ ಹೋಗಿದ್ದಳು. "ಮೊಮ್ಮಗಳ ಕೌದಿಗೆ ಮೇಲ್ಪದರ ಹೊಲಿದಿಡು, ಅಡಿಪದರ ನಾನು ಕೂಡಿಸ್ಕೋತೀನಿ. ನಾಳೆ ಸಂಜೆ ಐದಕ್ಕೆ ಬರ್ತೀನಿ. ಈ ಸಲವೂ ಕೆಡಿಸಿದ್ಯೋ, ಅಮ್ಮನ ಮಷಿನ್ ಎತ್ಕೊಂಡು ಹೋಗ್ತೀನಿ!"

ಮಷಿನ್ ಹೋದರೆ ಅನ್ನ ಹೋದಂತೆ. ಅಮ್ಮ ತುಳಿದು ತುಳಿದು ಸವೆಸಿದ ಪೆಡಲ್ ಹೋಗುವುದು ಅವನಿಗೆ ಅದಕ್ಕಿಂತ ಹೆಚ್ಚಿನ ಸಂಕಟ.

ಬೆಳಗ್ಗೆಯೇ ಇಪ್ಪತ್ತು ನೇರ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕೊಂದು ಸೇರಿಸಿ ಹೊಲಿಯತೊಡಗಿದ. ನಾಲ್ಕನೆಯದು ನೀಲಿ ಪಟ್ಟಿ. ಸೂಜಿಯಡಿಯಿಂದ ಜಾರುತ್ತಲೇ ಅದು ನದಿಯಾಯಿತು. ಒಂದು ದೋಣಿ ಬಂತು, ಅವನು ಹತ್ತಿದ. ಹಸಿರು ಪಟ್ಟಿ ದಡವಾಯಿತು, ಹಳದಿ ಪಟ್ಟಿ ಬಿಸಿಲಾಯಿತು. ದೋಣಿಯ ತುದಿಯಲ್ಲಿ ಅಮ್ಮ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಷ್ಟು ಸುಖ ಅವನಿಗೆ ಎಚ್ಚರದಲ್ಲಿ ಎಂದೂ ಸಿಕ್ಕಿರಲಿಲ್ಲ.

"ಏನಣ್ಣಾ ಇದು, ಬಾಳೆಹಣ್ಣಾ?"

ಬಾಗಿಲಲ್ಲಿ ಪಕ್ಕದಂಗಡಿಯ ಇಸ್ತ್ರಿಯವಳು ನಿಂತಿದ್ದಳು. ಮಧ್ಯಾಹ್ನವಾಗಿತ್ತು. ಚೌಕವಾಗಬೇಕಿದ್ದ ಬಟ್ಟೆ ಒಂದೇ ಕಡೆಗೆ ಬಾಗಿ ನೆಲದ ಮೇಲೆ ಮಲಗಿತ್ತು.

"ಕೊಡಿ ಇಲ್ಲಿ, ಕಾವು ತಗುಲಿದ್ರೆ ಎಂಥದ್ದೂ ನೆಟ್ಟಗಾಗುತ್ತೆ," ಎಂದು ಅವಳು ಎಳೆದೆಳೆದು ಇಸ್ತ್ರಿ ಮಾಡಿದಳು. ಬಾಳೆಹಣ್ಣು ಕುಡುಗೋಲಾಯಿತು.

ಗದ್ದಲ ಕೇಳಿ ಎದುರಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿನ ಮಸೂರದ ಸಮೇತ ಬಂದ. ಹೊಲಿಗೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. "ಲೋ ಮಹರಾಯ, ಎಲ್ಲಾ ಪಟ್ಟಿನೂ ಒಂದೇ ತುದಿಯಿಂದ ಶುರು ಮಾಡಿದೀಯಲ್ಲೋ! ಸಾಲದ್ದಕ್ಕೆ ಕನಸಲ್ಲಿ ಎಳೆದೂ ಎಳೆದಿದೀಯ, ಬಾಗದೆ ಇರುತ್ತಾ? ಒಂದ್ಸಲ ಈ ತುದಿ, ಮುಂದಿನ ಸಲ ಆ ತುದಿ. ಬಿಚ್ಚು, ಬಿಚ್ಚು!"

ಮೂವರೂ ಕೂತು ಬಿಚ್ಚಿದರು. ಅವನು ಮತ್ತೆ ಹೊಲಿದ. ಪಟ್ಟಿಗೊಮ್ಮೆ ಗಡಿಯಾರದವನು "ತುದಿ ಬದಲಾಯಿಸು!" ಎಂದು ಕೂಗಿದ. ನೀಲಿ ನೀರಿನ ಮೇಲೆ ದೋಣಿಯ ಮೂತಿ ಕಂಡಿತೋ ಇಲ್ಲವೋ, ಇಸ್ತ್ರಿಯವಳು ಅವನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ದೋಣಿ ಮುಳುಗಿತು. ಐದಕ್ಕೆ ಐದು ನಿಮಿಷವಿರುವಾಗ ಬಟ್ಟೆ ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿ ಸಿದ್ಧವಾಯಿತು.

ಅಕ್ಕ ಬಂದಳು, ನೋಡಿದಳು. ಅವಳ ಮುಖ ಬಾಡಿತು.

"ಇದಲ್ಲ ಕಣೋ. ಅದೆಲ್ಲಿ?"

"ಯಾವುದಕ್ಕಾ?"

"ಬೆಳಗ್ಗೆ ಈ ಕಡೆ ಬಂದಾಗ ಕಿಟಕೀಲಿ ಇಣುಕಿದ್ನಲ್ಲ! ಕಾಮನಬಿಲ್ಲಿನ ಹಾಗೆ ಬಾಗಿತ್ತು. ಕರೆದೆ, ನಿನಗೆ ಕೇಳಿಸ್ಲೇ ಇಲ್ಲ. ನನ್ನ ತಮ್ಮ ಕೊನೆಗೂ ಅಮ್ಮನ ಹಾಗೆ ಬಾಗಿಸಿ ಹೊಲಿದ ಅಂತ ಕಣ್ಣಲ್ಲಿ ನೀರು ಬಂತು. ಮಗಳಿಗೂ ಹೇಳ್ಬಿಟ್ಟೆ. ಹೀಗೆ ನೇರವಾಗಿರೋದು ಯಾವ ಅಂಗಡೀಲಿ ಸಿಗಲ್ಲ? ನನಗೆ ಅದೇ ಬೇಕು. ಇಲ್ಲೇ ಕೂತಿರ್ತೀನಿ. ಆಗಲ್ಲ ಅಂದ್ರೆ ಮಷಿನ್ ಎತ್ತು!"

ಮತ್ತೆ ಬಿಚ್ಚಿದರು. ಈಗ ಅವನು ಬೇಕೆಂದೇ ಎಲ್ಲ ಪಟ್ಟಿಗಳನ್ನೂ ಒಂದೇ ತುದಿಯಿಂದ ಶುರು ಮಾಡಿದ. ಆದರೆ ಎಚ್ಚರವಾಗಿದ್ದ ಕೈ ಬಟ್ಟೆಯನ್ನು ಎಳೆಯಲೊಲ್ಲದು. ಹೊಲಿಗೆ ನೇರವಾಗಿಯೇ ಓಡಿತು.

"ಕನಸು ಕಾಣಣ್ಣಾ, ಬೇಗ!" ಎಂದು ಇಸ್ತ್ರಿಯವಳು ಚಪ್ಪಾಳೆ ತಟ್ಟಿದಳು.

"ಐದೂವರೆ ಆಯ್ತು ಕಣೋ!" ಎಂದ ಗಡಿಯಾರದವನು.

"ಕಾಣ್ತೀಯೋ ಇಲ್ವೋ?" ಎಂದಳು ಅಕ್ಕ.

ನೀಲಿ ಪಟ್ಟಿ ಬಂತು. ಅವನು ಉಸಿರು ಬಿಗಿಹಿಡಿದು ಕಾದ. ನೀರು ಮಿನುಗಿತು; ದೋಣಿ ನಿಧಾನವಾಗಿ, ನಿಜವಾಗಿಯೂ ಬಂತು.

ಅದರಲ್ಲಿ ಇಸ್ತ್ರಿಯವಳು, ಗಡಿಯಾರದವನು ಮತ್ತು ಅಕ್ಕ ಒತ್ತೊತ್ತಾಗಿ ಕೂತಿದ್ದರು. ಅವನಿಗೆ ಜಾಗವಿರಲಿಲ್ಲ.